ಅಂಕಪಟ್ಟಿಯಿಂದ ಅಂಚೆಪೆಟ್ಟಿಗೆಯವರೆಗೆ: ಜರ್ಮನಿಯ ಒಂದು ಸೆಮಿಸ್ಟರ್‌ಗೆ ಸಿದ್ಧತೆ

ಡಿಗ್ರಿ ಮಾಡಲು ಜರ್ಮನಿಗೆ ಹೋಗುವುದಕ್ಕಿಂತ ವಿನಿಮಯ ವಿದ್ಯಾರ್ಥಿಯಾಗಿ ಹೋಗುವುದು ಸಲೀಸು ಎಂಬ ನಂಬಿಕೆ ಮಣಿಪಾಲ, ಸುರತ್ಕಲ್, ಕೊಣಾಜೆ ಕಡೆ ಇದೆ. ಶುಲ್ಕದ ಮಟ್ಟಿಗೆ ಅದು ಸರಿ. ಫೀಸು ಊರಿನ ಕಾಲೇಜಿಗೇ ಕಟ್ಟುತ್ತೀರಿ, ಅಲ್ಲಿ ಕಟ್ಟುವುದು ಸೆಮಿಸ್ಟರ್ ವಂತಿಗೆ ಮಾತ್ರ. ಕಾಗದಪತ್ರದ ಮಟ್ಟಿಗೆ ಮಾತ್ರ ಹಾಗಲ್ಲ. ಎರಡು ವಿಶ್ವವಿದ್ಯಾಲಯಗಳ ಕಚೇರಿಗಳು ಒಬ್ಬರ ಸಹಿಗೆ ಇನ್ನೊಬ್ಬರು ಕಾಯುತ್ತಾ ಕೂರುತ್ತವೆ. ಆದ್ದರಿಂದ ನಾನು ಕೆಲಸಗಳನ್ನು ಮಹತ್ವದ ಪ್ರಕಾರ ಜೋಡಿಸಿಕೊಳ್ಳಲಿಲ್ಲ, ಯಾವುದು ನಿಧಾನವೋ ಅದನ್ನು ಮೊದಲು ಹಿಡಿದೆ. ಅದೇ ಕ್ರಮದಲ್ಲಿ ಬರೆಯುತ್ತೇನೆ.

ಮೊದಲು ಕ್ಯಾಲೆಂಡರ್. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31, ಬೇಸಿಗೆಯದ್ದು ಏಪ್ರಿಲ್ 1ರಿಂದ ಸೆಪ್ಟೆಂಬರ್ 30. ಪಾಠ ಶುರುವಾಗುವುದು ಸಾಮಾನ್ಯವಾಗಿ ಆಯಾ ತಿಂಗಳ ಮಧ್ಯದಲ್ಲಿ. ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಬೇಗ. ಚಳಿಗಾಲಕ್ಕೆ ಹೋದರೆ ಪರೀಕ್ಷೆ ಫೆಬ್ರವರಿಗೆ ಬರುತ್ತದೆ, ಆ ಹೊತ್ತಿಗೆ ಇಲ್ಲಿ ಮುಂದಿನ ಸೆಮಿಸ್ಟರ್‌ನ ಮೊದಲ ಇಂಟರ್ನಲ್ಸ್ ಹತ್ತಿರವಿರುತ್ತದೆ. ಬೇಸಿಗೆಗೆ ಹೋದರೆ ಪರೀಕ್ಷೆ ಜುಲೈ ಕೊನೆಗೆ ಮುಗಿದು, ಆಗಸ್ಟ್‌ನ ಕ್ಯಾಂಪಸ್ ಸಂದರ್ಶನಗಳಿಗೆ ಉಸಿರು ಬಿಡಲೂ ಪುರುಸೊತ್ತು ಸಿಗುವುದಿಲ್ಲ. ಎರಡರಲ್ಲೂ ತೊಡಕಿದೆ. ನನ್ನ ಪ್ರಕಾರ ಎಂಜಿನಿಯರಿಂಗ್‌ನವರಿಗೆ ಆರನೇ ಸೆಮಿಸ್ಟರ್, ಅಂದರೆ ಅಲ್ಲಿಯ ಬೇಸಿಗೆ, ಕಡಿಮೆ ನಷ್ಟದ್ದು. ಯಾವುದನ್ನೇ ಆರಿಸಿ, ಹಾಜರಾತಿ ಮತ್ತು ತಪ್ಪಿಹೋಗುವ ಪರೀಕ್ಷೆಗೆ ಏನು ವ್ಯವಸ್ಥೆ ಎಂಬುದನ್ನು ವಿಭಾಗದ ಮುಖ್ಯಸ್ಥರಿಂದ ಬರೆಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಆ ಮುಖ್ಯಸ್ಥರು ಬದಲಾಗುವವರೆಗೆ ಮಾತ್ರ ನಡೆಯುತ್ತದೆ.

ಎರಡನೆಯದು ಹೆಸರು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಮ್ಮ ಕಡೆ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಹೆಸರಿನ ಕೊನೆಗೆ ‘ಕೆ.’ ಅಂತಲೋ ‘ಎಂ.’ ಅಂತಲೋ ಒಂದಕ್ಷರ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಹಾಕುವಂತಿಲ್ಲ, ಅದನ್ನು ಬಿಡಿಸಿ ಬರೆಯಬೇಕು. ಆಗ ಆ ‘ಕೆ.’ ಒಬ್ಬರಿಗೆ ಊರಿನ ಹೆಸರಾಗುತ್ತದೆ, ಇನ್ನೊಬ್ಬರಿಗೆ ಅಪ್ಪನ ಹೆಸರು. ಜಾತಿಸೂಚಕ ಉಪನಾಮ ಆಧಾರ್‌ನಲ್ಲಿ ಇರುತ್ತದೆ, ಅಂಕಪಟ್ಟಿಯಲ್ಲಿ ಇರುವುದಿಲ್ಲ. ಹೀಗೆ ಒಬ್ಬ ವಿದ್ಯಾರ್ಥಿಗೆ ಮೂರು ಕಾಗದದಲ್ಲಿ ಮೂರು ಹೆಸರು. ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರು ‘ಗಿವನ್ ನೇಮ್’ ಖಾನೆಯಲ್ಲೇ ಕೂತು ‘ಸರ್‌ನೇಮ್’ ಖಾಲಿ ಇದ್ದರೆ ಅದು ಇನ್ನೊಂದು ತಾಪತ್ರಯ. ಜರ್ಮನಿಯ ಯಾವ ಅರ್ಜಿ ತೆರೆದರೂ ಮೊದಲ ಖಾನೆ ಕುಟುಂಬದ ಹೆಸರಿನದ್ದು, ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದೇ ಇಲ್ಲ. ನಾಲ್ಕೈದು ತಿಂಗಳು ಕೈಯಲ್ಲಿದ್ದರೆ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸರ್‌ನೇಮ್ ಬೇರ್ಪಡಿಸಿ ಮರುವಿತರಣೆ ಮಾಡಿಸಿಕೊಳ್ಳಿ. ಸಮಯ ಇಲ್ಲದಿದ್ದರೆ, ಈ ಎಲ್ಲ ಹೆಸರಿನವರೂ ಒಬ್ಬರೇ ಎಂದು ಸ್ಟಾಂಪ್ ಪೇಪರ್ ಮೇಲೆ ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಿಸಿ, ನೋಟರಿ ಮೊಹರು ಹಾಕಿಸಿ, ಮೂರು ಪ್ರತಿ ಇಟ್ಟುಕೊಳ್ಳಿ. ಅಲ್ಲಿಂದ ಮುಂದೆ ಟಿಕೆಟ್, ವಿಮೆ, ಬ್ಯಾಂಕ್, ಹಾಸ್ಟೆಲ್ ಎಲ್ಲ ಕಡೆಯೂ ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರು ಒಂದಕ್ಷರ ವ್ಯತ್ಯಾಸವಿಲ್ಲದೆ ಹೋಗಬೇಕು.

ವಿಷಯಗಳ ಒಪ್ಪಂದ, ಅಂದರೆ ಲರ್ನಿಂಗ್ ಅಗ್ರಿಮೆಂಟ್‌ನಲ್ಲಿ ಎರಡು ಲೆಕ್ಕ ಗೊತ್ತಿರಬೇಕು. ಒಂದು ಸೆಮಿಸ್ಟರ್‌ನ ಪೂರ್ಣ ಹೊರೆ 30 ಇಸಿಟಿಎಸ್, ಅಂದರೆ ಐರೋಪ್ಯ ಕ್ರೆಡಿಟ್. ಒಂದು ಇಸಿಟಿಎಸ್ ಎಂದರೆ 25ರಿಂದ 30 ಗಂಟೆಗಳ ದುಡಿಮೆ, ಅದರಲ್ಲಿ ತರಗತಿ, ಓದು, ಪರೀಕ್ಷೆ ಎಲ್ಲ ಸೇರಿತು. ಇಲ್ಲಿಯ ಕ್ರೆಡಿಟ್ ತರಗತಿಯ ಗಂಟೆಯ ಮೇಲೆ ನಿಂತಿರುವುದರಿಂದ ಎರಡನ್ನೂ ನೇರವಾಗಿ ಹೋಲಿಸಲು ಬರುವುದಿಲ್ಲ. ಎಷ್ಟಕ್ಕೆ ಎಷ್ಟು ಎಂಬುದನ್ನು ನಿಮ್ಮ ಕಾಲೇಜೇ ಹೇಳಬೇಕು. ಇನ್ನೊಂದು ಗ್ರೇಡ್. ಅಲ್ಲಿ 1.0 ಅತ್ಯುತ್ತಮ, 4.0 ಪಾಸು, 5.0 ಫೇಲು. ಊರಿನ ಕಚೇರಿಯಲ್ಲಿ 2.0 ನೋಡಿ ‘ಹತ್ತಕ್ಕೆ ಎರಡಾ?’ ಎಂದು ಕೇಳುವವರು ಇರುತ್ತಾರೆ. ಹೊರದೇಶದ ಅಂಕಗಳನ್ನು ಜರ್ಮನ್ ಗ್ರೇಡಿಗೆ ಇಳಿಸುವ ‘ಪರಿಷ್ಕೃತ ಬವೇರಿಯನ್ ಸೂತ್ರ’ವನ್ನು ತಿರುಗಿಸಿ ಹಾಕಿದರೆ, ಇಲ್ಲಿ ಗರಿಷ್ಠ 10, ಪಾಸಿಗೆ 5 ಇರುವ ಕಡೆ, ಅಲ್ಲಿಯ 2.0 ಇಲ್ಲಿಯ 8.33 ಆಗುತ್ತದೆ: 1.0ರಿಂದ ಎಷ್ಟು ದೂರವೋ ಅದನ್ನು 3ರಿಂದ ಭಾಗಿಸಿ, 5ರಿಂದ ಗುಣಿಸಿ, 10ರಿಂದ ಕಳೆಯಿರಿ. ಯಾವ ಸೂತ್ರ ಬಳಸುತ್ತಾರೆ ಎಂಬುದು ಒಪ್ಪಂದದಲ್ಲೇ ಬರಲಿ. ಇಂಗ್ಲಿಷಿನಲ್ಲಿ ಪಾಠ ಎಂದು ಪಟ್ಟಿಯಲ್ಲಿದ್ದ ಕೋರ್ಸ್ ಆ ಸೆಮಿಸ್ಟರ್ ನಡೆಯದೇ ಹೋಗುವುದು ಸಾಮಾನ್ಯ, ಎರಡು ಬದಲಿ ವಿಷಯಗಳಿಗೂ ಮೊದಲೇ ಒಪ್ಪಿಗೆ ಪಡೆದಿಡಿ.

ಇನ್ನು ಹಣ. ವೀಸಾಕ್ಕೆ ಖರ್ಚಿನ ಆಧಾರ ತೋರಿಸಲು ಹೆಚ್ಚಿನವರು ಹಿಡಿಯುವ ದಾರಿ ಬ್ಲಾಕ್ಡ್ ಅಕೌಂಟ್, ಅಂದರೆ ಪೂರ್ತಿ ಹಣ ಮೊದಲೇ ಇಟ್ಟು ತಿಂಗಳಿಗಿಷ್ಟೇ ಎಂದು ತೆಗೆಯಬಹುದಾದ ಖಾತೆ. 2024ರ ಸೆಪ್ಟೆಂಬರ್‌ನಿಂದ ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904 ಎಂಬ ದರ ಇದೆ. ಆರು ತಿಂಗಳಿಗೆ 5,952 ಯೂರೋ. ಕಳುಹಿಸುವ ದಿನ ಚಾಲ್ತಿಯಲ್ಲಿರುವ ಮೊತ್ತವನ್ನು ಮತ್ತೊಮ್ಮೆ ನೋಡಿಕೊಳ್ಳಿ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ ಎಂದು ಐದು ಬ್ಯಾಂಕುಗಳನ್ನು ಹೆತ್ತ ಕರಾವಳಿ ಇದು. ಆದರೂ ಮನೆ ಹತ್ತಿರದ ಶಾಖೆಯಲ್ಲಿ ವಿದೇಶಿ ವಿನಿಮಯದ ಕೌಂಟರ್ ಇರುತ್ತದೆ ಎಂದುಕೊಳ್ಳಬೇಡಿ. ಅರ್ಜಿ ಅಲ್ಲಿಂದ ದೊಡ್ಡ ಶಾಖೆಗೆ ಹೋಗಿ ಬರಲು ಮೂರು–ನಾಲ್ಕು ದಿನ ಹಿಡಿಯುತ್ತದೆ. ಬೇಕಾದ್ದು ವಿದೇಶಕ್ಕೆ ಹಣ ಕಳುಹಿಸುವ ಎ2 ಫಾರ್ಮ್, ಕಳುಹಿಸುವವರ ಪ್ಯಾನ್, ವಿಶ್ವವಿದ್ಯಾಲಯದ ಪತ್ರ, ಬ್ಲಾಕ್ಡ್ ಅಕೌಂಟ್ ತೆರೆದುಕೊಟ್ಟ ಸಂಸ್ಥೆಯ ಉಲ್ಲೇಖ ಸಂಖ್ಯೆ. ಉದ್ದೇಶದ ಸಂಕೇತ ಎಸ್‌0305, ಶಿಕ್ಷಣಕ್ಕಾಗಿ ಪ್ರಯಾಣ. ವರ್ಷಕ್ಕೆ 10 ಲಕ್ಷದೊಳಗೆ ಕಳುಹಿಸಿದರೆ ಟಿಸಿಎಸ್, ಅಂದರೆ ಬ್ಯಾಂಕ್ ಆಗಲೇ ವಸೂಲಿ ಮಾಡುವ ತೆರಿಗೆ, ಇಲ್ಲ. ಒಂದು ಸೆಮಿಸ್ಟರ್‌ನ ಮೊತ್ತ ಅದರೊಳಗೇ ನಿಲ್ಲುತ್ತದೆ.

ಎಡವುವುದು ಇಲ್ಲಿ: ಫಾರ್ಮ್‌ನಲ್ಲಿ ಬ್ಯಾಂಕ್ ಶುಲ್ಕ ಯಾರ ಪಾಲು ಎಂಬ ಖಾನೆ ಇರುತ್ತದೆ. ಅದರಲ್ಲಿ ‘ಅವರ್’ (OUR, ಅಂದರೆ ನಮ್ಮ ಪಾಲು) ಎಂದು ಟಿಕ್ ಮಾಡಿಸದಿದ್ದರೆ ನಡುವಿನ ಬ್ಯಾಂಕ್ 15–20 ಯೂರೋ ಮುರಿದುಕೊಳ್ಳುತ್ತದೆ. ತಲುಪಿದ ಮೊತ್ತ ಕೊಂಚ ಕಡಿಮೆಯಾದರೂ ಹಣ ಜಮೆಯಾಗಿದೆ ಎಂಬ ದೃಢೀಕರಣ ಪತ್ರ ಬರುವುದಿಲ್ಲ. ನಾನು ಶುಲ್ಕವನ್ನು ನಮ್ಮ ಪಾಲಿಗೇ ಹಾಕಿಸಿ, ಮೇಲೆ 50 ಯೂರೋ ಸೇರಿಸಿ ಕಳುಹಿಸಿದೆ. ಅಪ್ಪ ಅಥವಾ ಅಮ್ಮನ ಖಾತೆಯಿಂದ ಹೋಗುವುದಾದರೆ ಉಲ್ಲೇಖ ಸಂಖ್ಯೆ ಷರಾದಲ್ಲಿ ಬಂದೇ ಬರಬೇಕು. ಇಲ್ಲದಿದ್ದರೆ ಹಣ ಯಾರದ್ದೆಂದು ತಿಳಿಯದೆ ಅಲ್ಲೇ ನಿಂತಿರುತ್ತದೆ.

ಈ ಹಣ ಇಳಿದ ದಿನವೇ ಕೈಗೆ ಸಿಗುವುದೂ ಇಲ್ಲ. ಅದು ತಿಂಗಳಿಗೊಮ್ಮೆ ಅಲ್ಲಿಯ ಉಳಿತಾಯವಲ್ಲದ ದೈನಂದಿನ ಖಾತೆಗೆ ಬರುತ್ತದೆ, ಆ ಖಾತೆಗೆ ಸಾಮಾನ್ಯವಾಗಿ ವಿಳಾಸ ನೋಂದಣಿಯ ಕಾಗದ ಕೇಳುತ್ತಾರೆ. ಅಲ್ಲಿಯವರೆಗೆ ಬಾಡಿಗೆ, ಮುಂಗಡ, ಸೆಮಿಸ್ಟರ್ ವಂತಿಗೆ, ಊಟಕ್ಕೆಂದು ಬೇರೆಯಾಗಿ 1,200ರಿಂದ 1,500 ಯೂರೋ ಬೇಕು. ಅದರಲ್ಲಿ 300 ನಗದು, ಉಳಿದದ್ದು ಫಾರೆಕ್ಸ್ ಕಾರ್ಡ್‌ನಲ್ಲಿ. ನಗದು 10, 20ರ ನೋಟುಗಳಲ್ಲಿ ಕೇಳಿ ಪಡೆಯಿರಿ. ಹೊರಡುವ ಮುನ್ನ ಊರಿನ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿ. ಇಲ್ಲದಿದ್ದರೆ ಒಟಿಪಿ ಬರುವುದಿಲ್ಲ, ಒಟಿಪಿ ಇಲ್ಲದೆ ಇಲ್ಲಿಯ ಖಾತೆಯ ಒಂದು ರೂಪಾಯಿಯೂ ಅಲುಗುವುದಿಲ್ಲ.

90 ದಿನ ಮೀರಿದ ವಾಸಕ್ಕೆ ಬೇಕಾದ್ದು ರಾಷ್ಟ್ರೀಯ ವೀಸಾ, ಶುಲ್ಕ 75 ಯೂರೋ. ಅರ್ಜಿ ಆನ್‌ಲೈನ್, ಬೆರಳಚ್ಚಿಗೆ ಬೆಂಗಳೂರು. ಅಕ್ಟೋಬರ್ ಸೆಮಿಸ್ಟರ್‌ನವರ ಸರದಿ ಜೂನ್–ಜುಲೈಗೆ ಬೀಳುತ್ತದೆ, ಶಿರಾಡಿ ಘಾಟಿ ಕುಸಿಯುವುದೂ ಅದೇ ಹೊತ್ತಿಗೆ. ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಇಳಿದು ಒಂಬತ್ತಕ್ಕೆ ಕೌಂಟರ್ ಮುಂದೆ ನಿಲ್ಲುವ ಲೆಕ್ಕ ಮಳೆಗಾಲದಲ್ಲಿ ಬೇಡ. ರೈಲು ನೆಚ್ಚಿಕೊಂಡರೂ ಸಕಲೇಶಪುರ–ಸುಬ್ರಹ್ಮಣ್ಯ ನಡುವೆ ಅದೇ ಗುಡ್ಡ, ಅದೇ ಮಣ್ಣು. ಒಂದು ದಿನ ಮೊದಲೇ ಹೋಗಿ ಉಳಿಯಿರಿ. ಫೋಟೋ 35×45 ಮಿಲಿಮೀಟರ್, ಆರು ತಿಂಗಳೊಳಗಿನದ್ದು. ಸ್ಟುಡಿಯೋದಲ್ಲಿ ಕೇಳದೆಯೇ ಮುಖ ಬೆಳ್ಳಗೆ ಮಾಡಿ, ಮೊಡವೆ ಅಳಿಸಿ ಕೊಡುತ್ತಾರೆ. ‘ಟಚಪ್ ಬೇಡ ಅಣ್ಣ’ ಎಂದು ಮೊದಲೇ ಹೇಳಿಬಿಡಿ.

ವಿಮೆಯಲ್ಲಿ ಎರಡು ತುಂಡು. 30 ವರ್ಷದೊಳಗಿನ ವಿದ್ಯಾರ್ಥಿಗೆ ಅಲ್ಲಿಯ ಸಾರ್ವಜನಿಕ ಆರೋಗ್ಯ ವಿಮೆ, ಅದು ಶುರುವಾಗುವವರೆಗಿನ ದಿನಗಳಿಗೆ ಪ್ರಯಾಣ ವಿಮೆ. ನಡುವೆ ಒಂದು ದಿನವೂ ಖಾಲಿ ಬಿಡಬೇಡಿ.

ಟಿಕೆಟ್ ತೆಗೆಯುವಾಗ ಮಂಗಳೂರಿನಿಂದ ಬೆಂಗಳೂರು ಅಥವಾ ಮುಂಬೈ ಮೂಲಕ ಕೊನೆಯ ಊರಿನವರೆಗೆ ಒಂದೇ ಪಿಎನ್‌ಆರ್ ಇರಲಿ. ಬಿಡಿ ಟಿಕೆಟ್ ಅಗ್ಗವಾಗಿ ಕಂಡೀತು. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಮಾತ್ರ, ಮುಂದಿನದ್ದರಲ್ಲಿ 23 ಕಿಲೋ, ಹೀಗಾಗಿ ಉಳಿದ 8 ಕಿಲೋಗೆ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲೇ ದಂಡ ತೆರಬೇಕು. ಮಳೆಗೆ ಬಜ್ಪೆಯ ವಿಮಾನ ತಡವಾದರೆ ಮುಂದಿನ ಟಿಕೆಟ್‌ನ ಹೊಣೆಯನ್ನೂ ಯಾರೂ ಹೊರುವುದಿಲ್ಲ. ಇಳಿಯುವ ದಿನ ಸೋಮವಾರದಿಂದ ಗುರುವಾರದೊಳಗೆ, ಬೆಳಿಗ್ಗೆ. ವಿದ್ಯಾರ್ಥಿ ನಿಲಯದ ಕೀಲಿ ಕೊಡುವವರು ಕಚೇರಿ ವೇಳೆಯಲ್ಲಿ ಮಾತ್ರ ಸಿಗುತ್ತಾರೆ, ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಅಕ್ಟೋಬರ್ 3 ರಾಷ್ಟ್ರೀಯ ರಜೆ. ಅಕ್ಟೋಬರ್ 1ಕ್ಕೆ ಕೋಣೆಯ ಕರಾರು ಶುರುವಾಗುವವರು ಇದನ್ನು ಪಂಚಾಂಗ ನೋಡುವಂತೆ ನೋಡಿಕೊಳ್ಳಬೇಕು. ಕೋಣೆಯಲ್ಲಿ ಮಂಚ, ಹಾಸಿಗೆ ಇದ್ದರೂ ಹೊದಿಕೆ, ದಿಂಬು ಇರುವುದಿಲ್ಲ. ಒಂದು ಬೆಡ್‌ಶೀಟ್, ಒಂದು ತೆಳು ರಜಾಯಿ ಮೊದಲ ರಾತ್ರಿಗೇ ಬೇಕು.

ಪೆಟ್ಟಿಗೆಗೆ ಏನು ಹೋಗಬಾರದು ಎಂಬುದನ್ನು ಮನೆಯವರಿಗೆ ಮುಂಚೆಯೇ ತಿಳಿಸಿ, ಇಲ್ಲದಿದ್ದರೆ ಕೊನೆಯ ರಾತ್ರಿ ಜಗಳ. ಹಾಲು ಮತ್ತು ಮಾಂಸದ ಪದಾರ್ಥ ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ: ತುಪ್ಪ, ಪೇಡ, ಕೋರಿ ಸುಕ್ಕ ಎಲ್ಲ ಇಲ್ಲೇ ಉಳಿಯಬೇಕು. ಹಸಿ ಕರಿಬೇವು, ವೀಳ್ಯದೆಲೆ, ಮಟ್ಟುಗುಳ್ಳ, ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅಂದರೆ ಬೇಡ. ಕರಿಬೇವನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿ. ಒಣಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿರುವುದರಿಂದ ವಿಮಾನಕ್ಕೇ ಸಲ್ಲ. ವಿಚಿತ್ರವೆಂದರೆ ಒಣಮೀನಿಗೆ 20 ಕಿಲೋವರೆಗೂ ಕಾನೂನಿನ ಅಡ್ಡಿಯಿಲ್ಲ. ಅಡ್ಡಿ ಬರುವುದು ಪಕ್ಕದ ಕೋಣೆಯವರಿಂದ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್–ಅವರ್ ಒಳಗೆ: 20,000 ಎಂಎಎಚ್‌ನದ್ದು ಸುಮಾರು 74. ಔಷಧ ಮೂರು ತಿಂಗಳಿಗೆ ಸಾಕಾಗುವಷ್ಟು, ಜೆನೆರಿಕ್ ಹೆಸರು ಬರೆದ ವೈದ್ಯರ ಚೀಟಿಯೊಂದಿಗೆ.

ಅಡುಗೆಗೆ ನಾನು ಕಟ್ಟಿದ್ದು: ಸಾರಿನ ಪುಡಿ 250 ಗ್ರಾಂ, ಹುಳಿಪುಡಿ 500, ಬಾಫತ್ ಪುಡಿ 250, ಒಣ ಪುನರ್ಪುಳಿ ಸಿಪ್ಪೆ 200, ಅವಲಕ್ಕಿ ಒಂದು ಕಿಲೋ. ಪ್ರತಿಯೊಂದೂ ಸೀಲ್ ಮಾಡಿದ ಪ್ಯಾಕೆಟ್, ಅದರ ಮೇಲೆ ಜಿಪ್ ಚೀಲ, ಎಲ್ಲವೂ ಒಂದು ಸ್ಟೀಲ್ ಡಬ್ಬದೊಳಗೆ. ಅಕ್ಕಿ ಹೊರುವುದು ದಂಡ. 3 ಲೀಟರ್ ಕುಕ್ಕರ್ ಇರಲಿ, ಜೊತೆಗೆ ಒಂದು ಗ್ಯಾಸ್ಕೆಟ್ ಮತ್ತು ಸೇಫ್ಟಿ ವಾಲ್ವ್ ಹೆಚ್ಚುವರಿ, ಅಲ್ಲಿ ಅಳತೆಯದ್ದು ಹುಡುಕುವುದು ಕಷ್ಟ. ಒಲೆ ಇಂಡಕ್ಷನ್ನೋ ಬಿಸಿ ತಟ್ಟೆಯೋ ಎಂದು ನಿಲಯಕ್ಕೆ ಮೇಲ್ ಹಾಕಿ ಕೇಳಿ: ಬರೀ ಅಲ್ಯೂಮಿನಿಯಂ ತಳ ಇಂಡಕ್ಷನ್ನಿನಲ್ಲಿ ಕಾಯುವುದೇ ಇಲ್ಲ. ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಕಿರುಗಂಟಲಿನ ಬಾಟಲಿಯಲ್ಲಿ ಒಯ್ದರೆ ಮಾರ್ಚ್‌ವರೆಗೂ ಹೊರಗೆ ಬಾರದು. ಅಗಲ ಬಾಯಿಯ ಡಬ್ಬ ಬೇಕು. ಒಗ್ಗರಣೆ ವಿಷಯದಲ್ಲಿ ಮಾತ್ರ ಹುಷಾರು. ಒಣಮೆಣಸು ಕರಟುವ ಹೊಗೆ ಚಾವಣಿಯ ಹೊಗೆ ಪತ್ತೆಯಂತ್ರಕ್ಕೆ ಮುಟ್ಟಿದರೆ ಇಡೀ ಮಹಡಿ ಕೆಳಗಿಳಿಯುತ್ತದೆ. ಕಿಟಕಿ ತೆರೆದು, ಕಡಿಮೆ ಉರಿಯಲ್ಲಿ, ಸಾಸಿವೆ ಸಿಡಿದ ತಕ್ಷಣ ಮುಚ್ಚಳ ಹಾಕಿ.

ವಿದ್ಯುತ್ ಅಲ್ಲಿಯೂ 230 ವೋಲ್ಟ್. ನಮ್ಮ ಮೂರು ಕಾಲಿನ ಪ್ಲಗ್ ಮಾತ್ರ ಕೂರುವುದಿಲ್ಲ. ಒಂದು ಅಡಾಪ್ಟರ್, ಒಂದು ಊರಿನ ಸ್ಪೈಕ್ ಬಸ್ಟರ್ ಸಾಕು, ಲ್ಯಾಪ್‌ಟಾಪ್, ಮೊಬೈಲ್‌ಗೆ. ಕೆಟಲ್ ಅದಕ್ಕೆ ಸಿಕ್ಕಿಸಬೇಡಿ.

ತಲುಪಿದ ಮೇಲೆ ಮೊದಲ ಕೆಲಸ ವಿಳಾಸ ನೋಂದಣಿ. ಕೋಣೆಗೆ ಹೊಕ್ಕ ಎರಡು ವಾರದೊಳಗೆ ನಗರ ಕಚೇರಿಗೆ ಹೋಗಬೇಕು, ಮನೆ ಕೊಟ್ಟವರ ದೃಢೀಕರಣ ಪತ್ರ ಜೊತೆಗಿರಬೇಕು. ಬಾಡಿಗೆ ಕರಾರು ಅದಕ್ಕೆ ಬದಲಿಯಲ್ಲ. ಕಚೇರಿಯ ಭೇಟಿಯ ಸಮಯ ವಾರಗಟ್ಟಲೆ ಸಿಗದಿರಬಹುದು, ಊರಿನಿಂದಲೇ ಆನ್‌ಲೈನ್‌ನಲ್ಲಿ ಹಿಡಿದಿಡಿ. ಹಾಗೆ ಹಿಡಿಯುವಾಗ ಗಂಟೆಯ ವ್ಯತ್ಯಾಸ ನೆನಪಿರಲಿ: ಅಲ್ಲಿಯ ನಡುರಾತ್ರಿ ಬೇಸಿಗೆಯಲ್ಲಿ ನಮಗೆ ಬೆಳಗಿನ ಜಾವ 3:30, ಅಕ್ಟೋಬರ್ ಕೊನೆಯ ಭಾನುವಾರದ ನಂತರ 4:30.

ಆಮೇಲೆ ಎಲ್ಲವೂ ಅಂಚೆಯಲ್ಲಿ ಬರುತ್ತದೆ: ವಿಮೆಯ ಕಾರ್ಡ್, ಬ್ಯಾಂಕಿನ ಪಿನ್, ತೆರಿಗೆ ಸಂಖ್ಯೆ. ಅಂಚೆಯವರು ಕೋಣೆ ಸಂಖ್ಯೆ ನೋಡುವುದಿಲ್ಲ, ಪೆಟ್ಟಿಗೆಯ ಮೇಲಿನ ಹೆಸರು ನೋಡುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ವಾಪಸು. ಕೀಲಿ ಸಿಕ್ಕ ದಿನವೇ ಬಿಳಿ ಟೇಪ್ ಮೇಲೆ ಮಾರ್ಕರ್‌ನಿಂದ ಪಾಸ್‌ಪೋರ್ಟ್‌ನ ಸರ್‌ನೇಮ್ ಬರೆದು ಪೆಟ್ಟಿಗೆಗೂ ಕರೆಗಂಟೆಗೂ ಅಂಟಿಸಿ. ರೇಡಿಯೋ, ಟಿವಿಗೆಂದು ಕಟ್ಟಬೇಕಾದ ಪ್ರಸಾರ ವಂತಿಗೆಯ ಪತ್ರವೂ ಅದರಲ್ಲೇ ಬರುತ್ತದೆ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ. ಜಾಹೀರಾತೆಂದು ಎಸೆದವರಿಗೆ ಬಾಕಿ ಸೇರಿಸಿ ಮತ್ತೆ ಬರುತ್ತದೆ. ಹಿಂದಿರುಗುವಾಗ ವಿಳಾಸ ರದ್ದತಿಯನ್ನು ಹೊರಡುವ ಒಂದು ವಾರದೊಳಗೆ ಮಾಡಬಹುದು, ಅದಕ್ಕೂ ಮೊದಲು ಸ್ವೀಕರಿಸುವುದಿಲ್ಲ. ಪ್ರಸಾರ ವಂತಿಗೆಯನ್ನು ಆ ರದ್ದತಿ ಪತ್ರದ ಪ್ರತಿ ಲಗತ್ತಿಸಿ ಬೇರೆಯಾಗಿಯೇ ನಿಲ್ಲಿಸಬೇಕು.