ಯೀಸ್ಟ್‌ನ ಟೆಲೊಮರೇಸ್ ಸಂಕೀರ್ಣದ ಘಟಕಗಳನ್ನು ಪತ್ತೆಹಚ್ಚುವ ಕ್ರಮ

ಬ್ರೆಡ್ ಉಬ್ಬಿಸುವ ಯೀಸ್ಟ್ ಆದ ಸ್ಯಾಕರೋಮೈಸಿಸ್ ಸೆರೆವಿಸಿಯೆಯಲ್ಲಿ ಟೆಲೊಮರೇಸ್‌ನ, ಅಂದರೆ ವರ್ಣತಂತುಗಳ ತುದಿಗಳಾದ ಟೆಲೊಮಿಯರ್‌ಗಳನ್ನು ಉದ್ದವಾಗಿಸುವ ಕಿಣ್ವದ, ತಿರುಳು ಎರಡೇ: ಸುಮಾರು 1,150 ನ್ಯೂಕ್ಲಿಯೊಟೈಡ್ ಉದ್ದದ ಟಿಎಲ್‌ಸಿ1 ಆರ್‌ಎನ್‌ಎ, ಮತ್ತು ಅದರ ಚಿಕ್ಕ ತುಣುಕೊಂದನ್ನು ಅಚ್ಚಾಗಿಟ್ಟುಕೊಂಡು ಡಿಎನ್‌ಎ ರಚಿಸುವ ಎಸ್ಟ್2 ಪ್ರೋಟೀನು. ಎಸ್ಟ್1, ಎಸ್ಟ್3, ಕೆಯು ಜೋಡಿ, ಎಸ್‌ಎಂ ಉಂಗುರ ಹಾಗೂ ಪಾಪ್ ಪ್ರೋಟೀನುಗಳು ಇವುಗಳೊಂದಿಗೆ ಸೇರಿಕೊಳ್ಳುತ್ತವೆ.

ಮೊದಲು ಎಸ್ಟ್2 ಜೀನಿಗೆ ಗುರುತಿನ ಟ್ಯಾಗ್ ಜೋಡಿಸಿ, ಆ ತಳಿಯ ಟೆಲೊಮಿಯರ್‌ಗಳು ಕುಗ್ಗಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಿ. ಕುಗ್ಗಿದ್ದರೆ ಟ್ಯಾಗೇ ಅಡ್ಡಿಯಾಗಿದೆ ಎಂದು ತಿಳಿಯಬೇಕು. ಬಳಿಕ ಕೋಶಗಳನ್ನು ಮಂಜುಗಡ್ಡೆಯ ತಂಪಿನಲ್ಲಿ, ಆರ್‌ಎನ್‌ಎ ಛೇದಕ ಕಿಣ್ವಗಳನ್ನು ತಡೆಯುವ ದ್ರಾವಣದೊಂದಿಗೆ ಒಡೆದು, ಆ ಟ್ಯಾಗ್‌ಗೆ ಅಂಟುವ ಪ್ರತಿಕಾಯ ಲೇಪಿತ ಮಣಿಗಳಿಂದ ಸಂಕೀರ್ಣವನ್ನು ಸೆಳೆಯಿರಿ. ಟಿಎಲ್‌ಸಿ1 ಬಂದಿದೆಯೇ ಎಂಬುದನ್ನು ನಾರ್ದರ್ನ್ ಬ್ಲಾಟ್ (ಆರ್‌ಎನ್‌ಎ ಗುರುತಿಸುವ ಪರೀಕ್ಷೆ) ಮೂಲಕವೂ, ಪ್ರೋಟೀನುಗಳನ್ನು ವೆಸ್ಟರ್ನ್ ಬ್ಲಾಟ್ (ಪ್ರತಿಕಾಯದಿಂದ ಪ್ರೋಟೀನು ಗುರುತಿಸುವ ಪರೀಕ್ಷೆ) ಮೂಲಕವೂ ನೋಡಬಹುದು.

ಹೆಚ್ಚಿನವರು ಎಡವುವುದು ಇಲ್ಲಿ. ಎಸ್ಟ್1 ಅಥವಾ ಎಸ್ಟ್3 ಇಲ್ಲದ ತಳಿಯ ಸಾರವೂ ಪ್ರನಾಳದಲ್ಲಿ ಕಿಣ್ವಚಟುವಟಿಕೆ ತೋರಿಸುತ್ತದೆ, ಆದರೆ ಜೀವಂತ ಕೋಶದಲ್ಲಿ ಟೆಲೊಮಿಯರ್ ಕುಗ್ಗುತ್ತಲೇ ಹೋಗುತ್ತದೆ. ಆದ್ದರಿಂದ ಚಟುವಟಿಕೆ ಕಂಡಿತೆಂಬ ಮಾತ್ರಕ್ಕೆ ಸಂಕೀರ್ಣ ಪೂರ್ಣವಾಗಿದೆ ಎನ್ನಲಾಗದು. ಡಿಎನ್‌ಎ ನಕಲಾಗುವುದಕ್ಕೆ ಮುಂಚಿನ ಜಿ1 ಹಂತದಲ್ಲಿ ತಡೆದ ಕೋಶಗಳಲ್ಲಿ ಎಸ್ಟ್1 ಪ್ರಮಾಣ ತೀರಾ ಕಡಿಮೆಯಿರುತ್ತದೆ; ಹಾಗಾಗಿ ಕೋಶಚಕ್ರದ ಯಾವ ಹಂತದಲ್ಲಿ ಕೊಯ್ದಿರಿ ಎಂಬುದನ್ನು ಬರೆದಿಡಿ. ಪ್ರತಿ ಬಾರಿಯೂ ಟ್ಯಾಗ್ ಇಲ್ಲದ ತಳಿಯೊಂದನ್ನು, ಆರ್‌ಎನ್‌ಏಸ್ (ಆರ್‌ಎನ್‌ಎ ಛೇದಕ ಕಿಣ್ವ) ಬೆರೆಸಿದ ಮಾದರಿಯೊಂದನ್ನು ಹೋಲಿಕೆಗೆ ಇಟ್ಟುಕೊಳ್ಳಿ.