ಹೊರದೇಶಕ್ಕೆ ಹೊರಟ ಸೈನಿಕರಿಗೆ ಲಂಚದ ಜಾಡು ಹಿಡಿಯಲು ಕಲಿಸುವುದು ಹೇಗೆ?

"ಲಂಚ ಮುಟ್ಟಬೇಡಿ" ಎಂದು ಒಂದು ಗಂಟೆ ಭಾಷಣ ಮಾಡಿ, ಹಾಜರಿಗೆ ಸಹಿ ಹಾಕಿಸಿಕೊಂಡರೆ ತರಬೇತಿ ಮುಗೀತು ಅಂದುಕೊಳ್ಳುವವರೇ ಜಾಸ್ತಿ. ಅದು ಸಾಲದು. ಅಲ್ಲಿ ಲಂಚ ಯಾವಾಗಲೂ ಲಕೋಟೆಯಲ್ಲಿ ಬರುವುದಿಲ್ಲ, ಸಂಬಳದ ಪಟ್ಟಿಯಲ್ಲೋ ಡೀಸೆಲ್ ಬಿಲ್ಲಿನಲ್ಲೋ ಸದ್ದಿಲ್ಲದೆ ಕೂತಿರುತ್ತದೆ.

ಮೊದಲು, ನಡೆದದ್ದನ್ನು ಹೇಳಿ. ಆಫ್ಘಾನಿಸ್ತಾನದಲ್ಲಿ ಅಮೆರಿಕ ಸೇನೆಯ ಸಾಮಾನು ಸಾಗಿಸಲು ಸುಮಾರು 216 ಕೋಟಿ ಡಾಲರಿನ ಲಾರಿ ಗುತ್ತಿಗೆ ಇತ್ತು. ದಾರಿಯಲ್ಲಿ ತೊಂದರೆ ಆಗದಿರಲಿ ಅಂತ ಸಾಗಣೆದಾರರು ಅಲ್ಲಿನ ಶಸ್ತ್ರಧಾರಿ ಮುಖಂಡರಿಗೆ ದುಡ್ಡು ಕೊಡುತ್ತಿದ್ದರು, ಅದರಲ್ಲೊಂದು ಪಾಲು ತಾಲಿಬಾನಿಗೂ ಹೋಗುತ್ತಿರಬಹುದು ಎಂದು 2010ರಲ್ಲಿ ಅಮೆರಿಕ ಸಂಸತ್ತಿನ ತನಿಖೆ ಎಚ್ಚರಿಸಿತು. ತನ್ನ ಮೇಲೆ ಹಾರುವ ಗುಂಡಿಗೆ ತಾನೇ ಕಾಸು ಕೊಟ್ಟ ಹಾಗಾಯ್ತು, ಅಲ್ವಾ? ಇದನ್ನು ಕೇಳಿದರೆ ಹಿಂದಿನ ಸಾಲಿನಲ್ಲಿ ತೂಕಡಿಸುವವನೂ ಎದ್ದು ಕೂರುತ್ತಾನೆ.

ಆಮೇಲೆ ಎಣಿಸುವುದನ್ನು ಕಲಿಸಿ. ಇರಾಕ್ ಸೇನೆಯ ಸಂಬಳದ ಪಟ್ಟಿಯಲ್ಲಿ ಹೆಸರಿಗಷ್ಟೇ ಇರುವ, ಡ್ಯೂಟಿಗೇ ಹಾಜರಾಗದ 50,000 ಸೈನಿಕರಿದ್ದಾರೆ ಎಂದು ಅಲ್ಲಿನ ಆಗಿನ ಪ್ರಧಾನಿ ಹೈದರ್ ಅಲ್-ಅಬಾದಿ 2014ರ ನವೆಂಬರ್ ಕೊನೆಯಲ್ಲಿ ಹೇಳಿದರು. ಅದೇ ವರ್ಷ ಜೂನ್‌ನಲ್ಲಿ ಇರಾಕಿನ ಮೋಸುಲ್ ನಗರ ಐಸಿಸ್ ಉಗ್ರರ ಪಾಲಾಗಿತ್ತು. ಹಾಗಾಗಿ ಸ್ಥಳೀಯ ಪಡೆಯ ಜತೆ ಕೆಲಸ ಮಾಡುವಾಗ ಪಟ್ಟಿ ನೋಡಿ ಸುಮ್ನಾಗಬಾರದು. ತಲೆ ಎಣಿಸಿ, ಬಂದೂಕು ಎಣಿಸಿ, ಎಷ್ಟು ಜನ ಊಟ ಮಾಡಿದರು ಕೇಳಿ, ಮೂರೂ ತಾಳೆಯಾಗುತ್ತದಾ ನೋಡಿ.

ಸ್ವಂತ ಸೇನೆಯವರ ಕಥೆಯನ್ನೂ ಬಿಡಬೇಡಿ. ಕುವೈತ್‌ನಲ್ಲಿ ಗುತ್ತಿಗೆ ಹಂಚುತ್ತಿದ್ದ ಅಮೆರಿಕ ಸೇನೆಯ ಮೇಜರ್ ಒಬ್ಬರಿಗೆ ಲಂಚ ತಿಂದದ್ದಕ್ಕೆ 2009ರಲ್ಲಿ 17 ವರ್ಷಕ್ಕೂ ಹೆಚ್ಚು ಜೈಲು ಶಿಕ್ಷೆಯಾಯಿತು.

ಪಾಠಕ್ಕಿಂತ ನಾಟಕ ವಾಸಿ. ಒಬ್ಬರು ಗುತ್ತಿಗೆದಾರ, ಒಬ್ಬರು ಚೆಕ್‌ಪೋಸ್ಟ್ ಪೊಲೀಸ್, ಒಬ್ಬರು ದುಭಾಷಿ ಆಗಲಿ. ಗುತ್ತಿಗೆದಾರ ಮೊದಲ ದಿನ ಪೆನ್ನು ಕೊಡಲಿ, ಮೂರನೇ ದಿನ ಕೈಗಡಿಯಾರ. ಮನಸ್ಸು ನೋಯಿಸದೆ ಬೇಡ ಅನ್ನುವುದು ಬಾಯಿಗೆ ರೂಢಿಯಾಗಬೇಕು, ಓದಿದರೆ ಬರುವುದಿಲ್ಲ.

ಅನುಮಾನ ಬಂದರೆ ಪತ್ತೇದಾರಿಕೆಗೆ ಇಳಿಯಬೇಡಿ ಎಂದು ಖಂಡಿತವಾಗಿ ಹೇಳಿ. ದಿನ, ಜಾಗ, ಗಾಡಿ ನಂಬರು, ಕಂಡದ್ದು ಇಷ್ಟನ್ನು ಬರೆದಿಟ್ಟು ಮೇಲಿನವರಿಗೆ ತಿಳಿಸಿದರೆ ಸಾಕು. ಮೇಲಿನವರೇ ಶಾಮೀಲಾಗಿದ್ದರೆ? ಅದಕ್ಕೆ ಎರಡನೇ ದಾರಿ ಯಾವುದು, ಯಾರಿಗೆ ಫೋನ್ ಮಾಡಬೇಕು ಅನ್ನುವುದು ವಿಮಾನ ಹತ್ತುವ ಮೊದಲೇ ಗೊತ್ತಿರಬೇಕು. ಸುಳಿವು ಕೊಟ್ಟವರು ಸ್ಥಳೀಯರಾಗಿದ್ದರೆ ಅವರ ಹೆಸರನ್ನು ಆ ಟಿಪ್ಪಣಿಯಲ್ಲಿ ಬರೆಯಲೇಬೇಡಿ. ನೀವು ವಾಪಸ್ ಬರುತ್ತೀರಿ, ಅವರು ಅಲ್ಲೇ ಇರುತ್ತಾರೆ.