‘ಔಟ್ ಆಫ್ ದ ಬ್ಲೂ’: ಅರ್ಥ ತಿಳಿದು ಬಳಸುವ ಬಗೆ

‘ಔಟ್ ಆಫ್ ದ ಬ್ಲೂ’ ಎಂಬ ಇಂಗ್ಲಿಷ್ ನುಡಿಗಟ್ಟಿಗೆ ‘ಇದ್ದಕ್ಕಿದ್ದಂತೆ’ ಎಂಬ ಅರ್ಥವನ್ನು ನಾವು ಶಾಲೆಯಲ್ಲಿಯೇ ಕಲಿತಿರುತ್ತೇವೆ. ಅದು ತಪ್ಪಲ್ಲ, ಆದರೆ ಸಾಲದು. ಸಂಗತಿಯೊಂದು ಎಷ್ಟು ಬೇಗ ನಡೆಯಿತೆಂಬುದಕ್ಕಿಂತ, ಅದು ನಡೆಯಬಹುದೆಂಬ ಸುಳಿವು ಮೊದಲು ಎಳ್ಳಷ್ಟೂ ಇರಲಿಲ್ಲವೆಂಬುದೇ ಈ ನುಡಿಗಟ್ಟಿನ ತಿರುಳು.

ಇಲ್ಲಿ ‘ಬ್ಲೂ’ ಎಂದರೆ ಮೋಡವಿಲ್ಲದ ತಿಳಿಯಾದ ಆಕಾಶ. ‘ಎ ಬೋಲ್ಟ್ ಫ್ರಮ್ ದ ಬ್ಲೂ’, ಅಂದರೆ ತಿಳಿಯಾಕಾಶದಿಂದ ಎರಗಿದ ಸಿಡಿಲು, ಎಂಬುದು ಇದರ ಒಡನಾಡಿ ನುಡಿ. ಇದರಲ್ಲಿರುವ ‘ಬೋಲ್ಟ್’ ನಟ್ಟಿನ ಜೊತೆಗಿರುವ ಬೋಲ್ಟ್ ಅಲ್ಲ. ಸ್ಕಾಟ್ಲೆಂಡಿನ ಲೇಖಕ ಥಾಮಸ್ ಕಾರ್ಲೈಲ್ 1837ರಲ್ಲಿ ಪ್ರಕಟಿಸಿದ ಫ್ರೆಂಚ್ ಕ್ರಾಂತಿಯ ಚರಿತ್ರೆಯಲ್ಲಿ, ಯಾರೂ ನಿರೀಕ್ಷಿಸದಿದ್ದ ಬಂಧನಗಳನ್ನು ಇಂಥ ಸಿಡಿಲಿಗೆ ಹೋಲಿಸಿದ್ದಾನೆ. ಈ ಹೋಲಿಕೆ ಬರಿಯ ಕಲ್ಪನೆಯೂ ಅಲ್ಲ: ಗುಡುಗುಮೋಡದಿಂದ ಹೊರಟ ಮಿಂಚು ಅಡ್ಡಲಾಗಿ ಹಲವು ಕಿಲೋಮೀಟರ್ ಸಾಗಿ, ನೆತ್ತಿಯ ಮೇಲೆ ಮೋಡವೇ ಇಲ್ಲದ ಜಾಗದಲ್ಲಿ ನೆಲಕ್ಕೆ ಬಡಿಯುವುದುಂಟು. ದೂರದಲ್ಲಿ ಗುಡುಗು ಕೇಳಿಸಿದೊಡನೆ ಹೊಲದಿಂದ ಮನೆಗೆ ಬರಬೇಕೆನ್ನುವುದು ಇದಕ್ಕಾಗಿಯೇ.

ಬಳಸುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಮೊದಲೇ ಊಹಿಸಲು ಏನಾದರೂ ಕಾರಣವಿತ್ತೇ? ಜುಲೈ ತಿಂಗಳಲ್ಲಿ ಆಗುಂಬೆಯಲ್ಲಿ ಮಳೆ ಹಠಾತ್ತನೆ ಸುರಿದರೆ ಅದಕ್ಕೆ ‘ಆಲ್ ಆಫ್ ಎ ಸಡನ್’ ಅಥವಾ ‘ಸಡನ್ಲಿ’ ಸಾಕು, ಏಕೆಂದರೆ ಅಲ್ಲಿ ಆಗ ಮಳೆಯನ್ನು ಎಲ್ಲರೂ ಎದುರು ನೋಡುತ್ತಲೇ ಇರುತ್ತಾರೆ. ಹತ್ತು ವರ್ಷಗಳಿಂದ ಸುದ್ದಿಯೇ ಇಲ್ಲದಿದ್ದ ಸಹಪಾಠಿ ಒಂದು ದಿನ ಫೋನ್ ಮಾಡಿದರೆ ‘ಹಿ ಕಾಲ್ಡ್ ಮಿ ಔಟ್ ಆಫ್ ದ ಬ್ಲೂ’ ಎನ್ನಬಹುದು. ಇದು ವಾಕ್ಯದ ಮೊದಲಲ್ಲಿಯೂ ಕೊನೆಯಲ್ಲಿಯೂ ಬರುತ್ತದೆ. ಒತ್ತು ಬೇಕಾದಾಗ ‘ಕಂಪ್ಲೀಟ್ಲಿ’ ಎಂಬುದನ್ನು ಇದಕ್ಕಿಂತ ಮೊದಲು ಸೇರಿಸುತ್ತಾರೆ. ಮಾತಿಗೆ, ಪತ್ರಕ್ಕೆ, ಕತೆಗೆ ಇದು ಒಪ್ಪುತ್ತದೆ. ಕಾನೂನಿನ ದಾಖಲೆಗೂ ವೈಜ್ಞಾನಿಕ ವರದಿಗೂ ‘ಅನ್‌ಎಕ್ಸ್‌ಪೆಕ್ಟೆಡ್ಲಿ’ ಎಂಬ ನೇರವಾದ ಪದವೇ ಮೇಲು.

‘ಔಟ್ ಆಫ್ ದ ಬ್ಲೂ’ ಒಳ್ಳೆಯ ಸುದ್ದಿಗೂ ಕೆಟ್ಟ ಸುದ್ದಿಗೂ ಸಲ್ಲುತ್ತದೆ. ಸಿಡಿಲನ್ನು ಉಳಿಸಿಕೊಂಡಿರುವ ‘ಎ ಬೋಲ್ಟ್ ಫ್ರಮ್ ದ ಬ್ಲೂ’ ಹಾಗಲ್ಲ. ಅದು ಸಾಮಾನ್ಯವಾಗಿ ಆಘಾತವನ್ನೇ ಸೂಚಿಸುತ್ತದೆ, ಮತ್ತು ನಾಮಪದವಾಗಿ ನಿಲ್ಲುತ್ತದೆ. ಕನ್ನಡಕ್ಕೆ ತರುವಾಗ ಈ ಭೇದ ನಮಗೆ ದಾರಿ ತೋರಿಸುತ್ತದೆ. ‘ನೀಲಿಯಿಂದ ಹೊರಗೆ’ ಎಂದು ಪದಕ್ಕೆ ಪದವಿಟ್ಟರೆ ಓದುಗನಿಗೆ ಏನೂ ತಿಳಿಯದು. ಆಘಾತದ ಸುದ್ದಿಯಾದರೆ ನಮ್ಮಲ್ಲಿ ‘ಬರಸಿಡಿಲು ಬಡಿದಂತೆ’ ಎಂಬ ಮಾತು ಸಿದ್ಧವಾಗಿಯೇ ಇದೆ. ಮಳೆಯಿಲ್ಲದೆ ಬೀಳುವ ಸಿಡಿಲೇ ಬರಸಿಡಿಲು, ಆದ್ದರಿಂದ ಇದಕ್ಕಿಂತ ಹತ್ತಿರದ ಮಾತು ಸಿಗಲಾರದೆಂದು ನನ್ನ ಅನಿಸಿಕೆ. ಆದರೆ ಹಳೆಯ ಗೆಳೆಯನ ಫೋನಿಗೆ ಬರಸಿಡಿಲನ್ನು ತರುವುದು ದೊಡ್ಡ ತಪ್ಪಾಗುತ್ತದೆ. ಅಲ್ಲಿ ‘ನೆನೆಸದೇ ಇದ್ದಾಗ’ ಅಥವಾ ‘ಅನಿರೀಕ್ಷಿತವಾಗಿ’ ಎಂದರೆ ಸಾಕು. ಹೇಳದೆ ಕೇಳದೆ ಕೆಲಸ ಬಿಟ್ಟವರ ಬಗ್ಗೆ ‘ಏಕಾಏಕಿ’ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಅದರಲ್ಲಿ ಸಣ್ಣದೊಂದು ಆಕ್ಷೇಪವೂ ಅಡಗಿದೆ.

ಕನ್ನಡಿಗರಿಂದ ಆಗುವ ತಪ್ಪುಗಳಲ್ಲಿ ಎರಡನ್ನು ಹೇಳಲೇಬೇಕು. ನಮ್ಮ ಭಾಷೆಯಲ್ಲಿ ‘ದ’ ಎಂಬುದಕ್ಕೆ ಸಮನಾದ ಪದವಿಲ್ಲದ್ದರಿಂದ ಅದನ್ನು ಬಿಟ್ಟು ‘ಔಟ್ ಆಫ್ ಬ್ಲೂ’ ಎಂದುಬಿಡುತ್ತೇವೆ, ಅದು ಸಲ್ಲದು. ಇನ್ನೊಂದು, ‘ಒನ್ಸ್ ಇನ್ ಎ ಬ್ಲೂ ಮೂನ್’ ಜೊತೆಗೆ ಇದನ್ನು ಬೆರೆಸುವುದು. ಅದರ ಅರ್ಥ ‘ಬಹಳ ಅಪರೂಪಕ್ಕೆ’ ಎಂದು. ವರ್ಷಗಳಿಗೊಮ್ಮೆ ಬರುವ ನೆಂಟ ಮೊದಲೇ ತಿಳಿಸಿ ಬಂದರೆ ಆ ನುಡಿ ಸಲ್ಲುತ್ತದೆ. ವಾರವಾರವೂ ಬರುವವನೇ ನಡುರಾತ್ರಿ ಸುಳಿವಿಲ್ಲದೆ ಬಾಗಿಲು ತಟ್ಟಿದರೆ ‘ಔಟ್ ಆಫ್ ದ ಬ್ಲೂ’.